ಅಮ್ಮನಿಗೆ ಹಾಕಿಸಿದ ಕಮೋಡ್

ನಾನೂ ಅಮ್ಮ ಅಂತಲೇ ಕರೆಯುವ ನಮ್ಮ ಅತ್ತೆ ಹಸನಬೀ ನೀರು ಕುಡಿಯುವುದನ್ನು ಬಿಟ್ಟಿದ್ದಾರೆ ಅಂತ ಮನೆಯಲ್ಲಿ ಮೊದಲು ಗೊತ್ತಾದದ್ದು ನನಗೆ. ಮುಂಜಾನೆ ಮಂಚದ ಹತ್ತಿರ ಇಟ್ಟ ನೀರು ಸಂಜೆಗೂ ಹಾಗೇ ಇರುತ್ತಿತ್ತು. ಚಹಾ ಕೊಟ್ಟರೆ ಅರ್ಧ ಕುಡಿದು ಸಾಕು ಅನ್ನುತ್ತಿದ್ದರು. ಉರಿಮೂತ್ರ ಅಂತ ಕೊಪ್ಪಳಕ್ಕೆ ಕರೆದುಕೊಂಡು ಹೋದರೆ, ದಿನಕ್ಕೆ ಮೂರು ಲೀಟರ್ ನೀರು ಹೊಟ್ಟೆಗೆ ಹೋಗದಿದ್ದರೆ ಕಿಡ್ನಿಗೆ ಕುತ್ತು ಅಂತ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ಅಮ್ಮ ತಲೆಯಾಡಿಸಿದರು. ಮನೆಗೆ ಬಂದು ಮತ್ತೆ ಅದೇ ಅರ್ಧ ಚಹಾ.

ಕಾರಣ ನನಗೆ ಗೊತ್ತಿತ್ತು. ಅವರ ಮೊಣಕಾಲು ಹೋಗಿ ಎರಡು ವರ್ಷ. ನಮಾಜನ್ನೂ ಕುರ್ಚಿಯ ಮೇಲೆ ಕುಳಿತೇ ಮಾಡುತ್ತಾರೆ. ನಮ್ಮ ಸಂಡಾಸಿನಲ್ಲಿ ಇದ್ದದ್ದು ಮಾತ್ರ ಕುಕ್ಕರಗಾಲಲ್ಲಿ ಕೂಡುವ ಹಳೇ ಬೇಸಿನ್ನು. ಕೂತರೆ ಏಳಲಾಗದು. ಗೋಡೆ ಹಿಡಿದು, ನಲ್ಲಿ ಹಿಡಿದು, ಏದುಸಿರು ಬಿಡುವುದು ಅಡುಗೆಮನೆಗೆ ಕೇಳಿಸುತ್ತಿತ್ತು. ಕುಡಿದರೆ ತಾನೇ ಹೋಗಬೇಕು, ಕುಡಿಯುವುದೇ ಬೇಡ ಅನ್ನುವುದು ಅವರ ಉಪಾಯ.

ನನ್ನ ಗಂಡ ಮಾಜೀದನಿಗೆ ಹೇಳಿದೆ. ನಮ್ಮನೆಯವರು ಗಂಗಾವತಿಯಲ್ಲಿ ಕನಕಗಿರಿ ರಸ್ತೆಗೆ ಪಂಪ್‌ಸೆಟ್ ಮೋಟಾರುಗಳ ವೈಂಡಿಂಗ್ ಅಂಗಡಿ ಇಟ್ಟಿದ್ದಾರೆ. ಗಾರೆ ಕೆಲಸದ ಗೌಂಡಿಯನ್ನು ಕರೆದರೆ ಅವನು ಮೊದಲು ಭತ್ತದ ನಾಟಿ ಮುಗಿಯಲಿ ಅಂದ, ಆಮೇಲೆ ತಂಗಿಯ ಮದುವೆ ಮುಗಿಯಲಿ ಅಂದ. ಹತ್ತು ಎಚ್‌ಪಿ ಮೋಟಾರು ಬಿಚ್ಚಿ ಕೂಡಿಸುವವನಿಗೆ ಒಂದು ಕಮೋಡ್ ಏನು ಮಹಾ ಅಂತ ಇವರು ತಾವೇ ಮಾಡಲು ನಿಂತರು. ನನ್ನ ಗಂಡ ಹಿಡಿದ ಮೊಲಕ್ಕೆ ಮೂರೇ ಕಾಲು. ನಾಲ್ಕನೆಯದನ್ನು ತೋರಿಸುವ ಉಸಾಬರಿಗೆ ನಾನು ಹೋಗುವುದಿಲ್ಲ.

ಮೂರು ಸಂಜೆ ಕೂತು ಮೊಬೈಲಿನಲ್ಲಿ ವಿಡಿಯೋ ನೋಡಿದರು. ನಾಲ್ಕನೇ ದಿನ ಅಂಗಡಿ ಬಂದ್ ಮಾಡಿ, ಹಿಂದಿನಿಂದ ಗೋಡೆಗೆ ಪೈಪು ಹೋಗುವಂಥ ಕಮೋಡನ್ನು ಆಟೋದಲ್ಲಿ ತಂದರು. ಹಳೇ ಬೇಸಿನ್ನು ಒಡೆದು ತೆಗೆದರು. ಹೊರಗಿನ ಗುಂಡಿಗೆ ಹೋಗುವ ಪೈಪಿನ ಬಾಯಿ ಪೂರ್ವದ ಗೋಡೆಯಲ್ಲಿ ಸಿಕ್ಕಿತು. ಕಮೋಡಿನ ಬೆನ್ನನ್ನು ಅದಕ್ಕೆ ನೇರವಾಗಿ ಜೋಡಿಸಿ ಸಿಮೆಂಟು ಮೆತ್ತಿದರು. ರಸಮಟ್ಟ ಇಟ್ಟು ನೋಡಿದರೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಸಿಮೆಂಟು ತಿಂದು ಅವರ ಬೆರಳ ತುದಿಗಳು ಸುಲಿದಿದ್ದವು. ಅದು ಒಣಗುವ ಮೂರು ದಿನ ನಾವೆಲ್ಲ ಪಕ್ಕದ ಲಲಿತಾಳ ಮನೆಯ ಸಂಡಾಸಿಗೆ ಹೋದೆವು. ಅಲ್ಲಿಯೂ ಹಳೇ ನಮೂನೆಯದೇ. ಅಮ್ಮ ಆ ಮೂರು ದಿನ ಊಟವನ್ನೂ ಅರ್ಧಕ್ಕೆ ಇಳಿಸಿದರು.

ನಾಲ್ಕನೇ ದಿನ ಅಮ್ಮ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು. ಆಮೇಲೆ ಛಲೋ ಆಗೇತಿ ಅಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಿತ್ತು ಆ ಮಾತು. ನಮ್ಮನೆಯವರಿಗೆ ಅದನ್ನೆಲ್ಲ ಗಮನಿಸುವ ಪುರುಸೊತ್ತಿರಲಿಲ್ಲ. ಓಣಿಯ ನಾಲ್ಕು ಮಂದಿಯನ್ನು ಕರೆತಂದು ತೋರಿಸುತ್ತಿದ್ದರು. ಹೊಸ ಟ್ರ್ಯಾಕ್ಟರ್ ನೋಡಲು ಬಂದ ಹಾಗೆ ಜನ ನಮ್ಮ ಸಂಡಾಸು ನೋಡಿ ಚಹಾ ಕುಡಿದು ಹೋದರು.

ಒಂದು ವಾರ ಕಳೆಯಿತು. ಮಂಚದ ಹತ್ತಿರದ ನೀರು ಹಾಗೇ ಉಳಿಯಿತು. ನನಗೆ ತಾಳ್ಮೆ ತಪ್ಪಿತು. ಮಗ ಕೈ ಸುಲಿದುಕೊಂಡು ಮಾಡಿದ್ದಾರೆ, ಇನ್ನೂ ನಿಮಗೇನು ಹಟ ಅಂತ ಅಂದೇಬಿಟ್ಟೆ. ಅಮ್ಮ ಜಪ ಮಾಡುವ ತಸ್ಬಿಯ ಮಣಿ ಸರಿಸುತ್ತ ಕೂತರು. ಆ ಮಾತು ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಅದೇ ಮಧ್ಯಾಹ್ನ ಒಂದು ವಿಷಯ ಹೊಳೆಯಿತು. ನಾವಿಬ್ಬರು ಹೋಗಿ ಬಂದರೆ ಫ್ಲಶ್ಶಿನ ಸದ್ದು ಓಣಿಯ ತನಕ ಕೇಳುತ್ತದೆ. ಅಮ್ಮ ಹೋದಾಗ ಒಂದು ದಿನವೂ ಕೇಳಿಲ್ಲ. ಅವರು ಹೊರಗೆ ಬಂದ ಕೂಡಲೇ ಒಳಗೆ ಹೋಗಿ ನೋಡಿದೆ. ಕಮೋಡಿನ ಅಂಚೆಲ್ಲ ಒಣಗಿತ್ತು. ಮೂಲೆಯಲ್ಲಿ ನೀರು ಹರಿದು ಹೋಗುವ ತೂತಿನ ಹತ್ತಿರ ನೆಲ ಒದ್ದೆಯಾಗಿತ್ತು. ಆ ಮೊಣಕಾಲು ಕಟ್ಟಿಕೊಂಡು ಅವರು ಇನ್ನೂ ನೆಲದ ಮೇಲೆಯೇ ಕೂಡುತ್ತಿದ್ದರು. ಲಲಿತಾಳನ್ನು ಕೇಳಿದರೆ, ಮುಂಜಾನೆ ಹೊತ್ತು ಅವಳ ಮನೆಗೇ ಹೋಗುತ್ತಿದ್ದರಂತೆ, ಯಾರಿಗೂ ಹೇಳಬೇಡ ಅಂತ ಅವಳಿಗೆ ಆಣೆ ಹಾಕಿದ್ದರಂತೆ.

ಯಾಕೆ ಅಂತ ಅಮ್ಮನ ಪಕ್ಕದಲ್ಲಿ ಕೂತು ಕೇಳಿದೆ.

“ಅದು ಕಿಬ್ಲಾದ ಕಡೆ ಮುಖ ಮಾಡೇತಿ ಬೇಟಿ. ಅತ್ತಾಗ ಮುಖ ಮಾಡಿ ನಾ ಹೆಂಗ ಕುಂದರ್ಲಿ?”

ಕಿಬ್ಲಾ ಅಂದರೆ ನಾವು ನಮಾಜಿಗೆ ಮುಖ ಮಾಡುವ ದಿಕ್ಕು, ನಮ್ಮ ಊರಿಗೆ ಪಶ್ಚಿಮ. ಸಂಡಾಸಿನಲ್ಲಿ ಆ ಕಡೆ ಮುಖವನ್ನೂ ಮಾಡಬಾರದು, ಬೆನ್ನನ್ನೂ ಮಾಡಬಾರದು ಅಂತ ಸಣ್ಣವರಿದ್ದಾಗಿನಿಂದ ಕೇಳಿದ್ದೇವೆ. ಹಳೇ ಬೇಸಿನ್ನನ್ನು ಮಾವನವರು ಉತ್ತರಕ್ಕೆ ಮುಖ ಬರುವಂತೆ ಹಾಕಿಸಿದ್ದರು, ಹಾಗಾಗಿ ದಿಕ್ಕಿನ ಯೋಚನೆ ಮಾಡುವ ಪ್ರಸಂಗವೇ ನಮಗೆ ಬಂದಿರಲಿಲ್ಲ. ವಿಡಿಯೋದವನು ಮಟ್ಟ ಹೇಳಿಕೊಟ್ಟ, ಇಳಿಜಾರು ಹೇಳಿಕೊಟ್ಟ, ಇದನ್ನು ಹೇಳಲಿಲ್ಲ. ಗೋಡೆಯ ಈಚೆ ಐದು ಹೊತ್ತು ಅದೇ ದಿಕ್ಕಿಗೆ ಜಾನಮಾಜಿನ ಚಾಪೆ ಹಾಸುವ ನಾನು ಒಂದು ವಾರ ಅದರ ಮೇಲೆ ಕೂತು ಬಂದಿದ್ದೆ.

ನಾಲ್ಕು ಗೋಡೆಯ ಒಳಗಾದರೆ ನಡೆಯುತ್ತದೆ ಅನ್ನುವವರೂ ಇದ್ದಾರೆ, ಮಸೀದಿಯಲ್ಲಿ ಕೇಳಿಸುತ್ತೇನೆ ಅಂದೆ.

“ಅವರು ಹೂಂ ಅಂತಾರ. ನನ್ನ ಮೊಣಕಾಲೂ ಹೂಂ ಅಂತಾವ. ಮನಸ್ಸು ಅನ್ನಂಗಿಲ್ಲ,” ಅಂದರು ಅಮ್ಮ. “ಮಾಜೀದಗ ಹೇಳಬ್ಯಾಡ. ಪಾಪ, ಭಾಳ ಖುಷಿ ಆಗ್ಯಾನ.”

ಹೇಳುವುದಿಲ್ಲ ಅಂತ ಮಾತು ಕೊಟ್ಟೆ. ಸಂಜೆ ನಮ್ಮನೆಯವರು ಚಪ್ಪಲಿ ಬಿಡುವ ಮುಂಚೆ ಹೇಳಿದೆ. ಅತ್ತೆಯ ಕಿಡ್ನಿಗಿಂತ ನನ್ನ ಮಾತು ದೊಡ್ಡದಲ್ಲ.

ವಾದಕ್ಕೆ ನಿಲ್ಲುತ್ತಾರೆ ಅಂದುಕೊಂಡಿದ್ದೆ. ಅವರು ಹೊಸ್ತಿಲ ಹೊರಗಿನ ಕಟ್ಟೆಯ ಮೇಲೆ ಕೂತುಬಿಟ್ಟರು. “ಅಮ್ಮಗ ಅಂತ ಮಾಡಿದ್ನಿ. ಅಮ್ಮನ್ನ ಒಂದು ಮಾತು ಕೇಳಲಿಲ್ಲ ನೋಡ,” ಅಂದರು.

ಮರುದಿನ ಮುಂಜಾನೆ ಉಳಿ ಸುತ್ತಿಗೆ ಹಿಡಿದು ಕೂತರು. ತಾವೇ ಮೆತ್ತಿದ ಸಿಮೆಂಟನ್ನು ಚೂರು ಚೂರಾಗಿ ಬಿಡಿಸುವುದರಲ್ಲಿ ಮಧ್ಯಾಹ್ನವಾಯಿತು. ಕಮೋಡಿನ ಬುಡದಲ್ಲಿ ಒಂದು ಚಕ್ಕೆ ಹಾರಿತು, ಉಳಿದದ್ದು ಪುಣ್ಯಕ್ಕೆ ಸರಿಯಾಗಿ ಬಂತು. ಪೇಟೆಗೆ ಹೋಗಿ ಪೈಪಿಗೆ ಒಂದು ಬಾಗು ತಂದು, ಕಮೋಡನ್ನು ಉತ್ತರಕ್ಕೆ ತಿರುಗಿಸಿ ಇಟ್ಟರು. ಆಮೇಲೆ, ಸಿಮೆಂಟು ಕಲಸುವ ಮುಂಚೆ, ಅಮ್ಮನನ್ನು ಕರೆದು ಮುಚ್ಚಳದ ಮೇಲೆ ಕೂತು ನೋಡು ಅಂದರು. ಅಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು, ಹೊಸ ಮದುಮಗಳಂತೆ ನಾಚಿಕೊಂಡು ಕೂತರು. ಕಾಲು ಗೋಡೆಗೆ ತಾಗುತ್ತದೆ ಅಂದಾಗ ಎಬ್ಬಿಸಿ, ನಾಲ್ಕು ಬೆರಳು ಸರಿಸಿ, ಮತ್ತೆ ಕೂಡಿಸಿದರು. ಏಳುವಾಗ ಕೈ ಎಲ್ಲಿಗೆ ಹೋಗುತ್ತದೆ ಅಂತ ಕೇಳಿ, ಅಮ್ಮನ ಅಂಗೈ ಗೋಡೆಗೆ ಮುಟ್ಟಿದ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿದರು. ಅಲ್ಲಿ ಒಂದು ಸ್ಟೀಲ್ ಹಿಡಿಕೆ ಹಾಕಬೇಕಂತೆ.

ನಿನಗೆ ಯಾರು ಹೇಳಿದರು ಅಂತ ಅಮ್ಮ ಮಗನನ್ನು ಕೇಳಿದರು. ನನಗೇ ಗೊತ್ತಾಯಿತು ಅಂದರು ಇವರು. ಅಮ್ಮ ನನ್ನ ಮುಖ ನೋಡಿದರು, ನಾನು ಮೇಲಿನ ತಗಡು ನೋಡಿದೆ.

ಅಲ್ಲೇ ಕೂತುಕೊಂಡು ಅಮ್ಮ ನೀರು ಕೇಳಿದರು. ನಾನು ಓಡಿದೆ. ಒಂದು ಲೋಟ ಕುಡಿದರು, ಇನ್ನೊಂದು ಕೇಳಿ ಅದನ್ನೂ ಕುಡಿದರು. ನಮ್ಮನೆಯವರ ಮುಖ ಸಣ್ಣದಾಯಿತು.

“ಅಮ್ಮಾ, ಇನ್ನೂ ಸಿಮೆಂಟ್ ಹಾಕಿಲ್ಲ. ಒಣಗಾಕ ಮತ್ತ ಮೂರು ದಿನ ಬೇಕು.”

“ಗೊತ್ತೈತಿ,” ಅಂದರು ಅಮ್ಮ. ಲೋಟ ಕೊಡಲು ಚಾಚಿದ ಕೈಯಲ್ಲಿ ನನ್ನ ಮಣಿಕಟ್ಟು ಹಿಡಿದರು. “ಲಲಿತಾನ ಮನಿಗೆ ಹೋಗೋಣು. ನೀ ನನ್ನ ಜೋಡಿ ಒಳಗ ಬಾ ನಾಹೀದಾ. ಒಬ್ಬಾಕಿಗೆ ಏಳಾಕ ಆಗಂಗಿಲ್ಲ ನನಗ.”

ಎರಡು ವರ್ಷದಲ್ಲಿ ಅದನ್ನು ಅವರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.