ತೊಳೆದ ಚೂರುಗಳು

ಮಿಂದು ಬಂದ ಹೇಮಾಕ್ಷಿ ಒದ್ದೆ ಸೀರೆಯಲ್ಲೇ ಅಂಗಳಕ್ಕೆ ಕಾಲಿಟ್ಟಾಗ ಅಮ್ಮ ದೇಯಿ ಬಾವಿಕಟ್ಟೆಯ ಬಳಿ ಕುಕ್ಕರುಗಾಲಲ್ಲಿ ಕೂತು, ತೆಂಗಿನ ನಾರಿಗೆ ಬೂದಿ ಹಚ್ಚಿ ಏನನ್ನೋ ಗಸಗಸ ಉಜ್ಜುತ್ತಿದ್ದಳು. ಜೆಪ್ಪಿನ ಆ ಮನೆಯಿಂದ ಹೇಮಾಕ್ಷಿಯ ಅಪ್ಪ ನೋಣಯ್ಯನ ಹೆಣ ಹೊರಟದ್ದು ಬೆಳಗ್ಗೆ. ಸತ್ತವನು ಮುಟ್ಟಿದ್ದನ್ನೆಲ್ಲ ಬೆಳಗದೆ ಆ ಮನೆಯಲ್ಲಿ ದೀಪ ಹಚ್ಚುವಂತಿಲ್ಲ. ಚೆಂಬು, ತಟ್ಟೆ, ಎಲೆಯಡಿಕೆಯ ಪೆಟ್ಟಿಗೆ ಆಗಲೇ ಬಿಸಿಲಿಗೆ ಬಿದ್ದಿದ್ದವು. ಪಕ್ಕದ ಚಾಪೆಯ ತುಂಬ ಮಡಕೆ ಚೂರುಗಳು.

ಹೇಮಾಕ್ಷಿ ಚಾಪೆಯತ್ತ ಧಾವಿಸಿದಳು.

"ಅಮ್ಮಾ, ಇದೆಂತ ಮಾಡಿದ್ದು?"

"ಅಪ್ಪನ ಬುಟ್ಟಿಯದ್ದು. ಸೋಮವಾರ ಮದ್ರಾಸಿನ ದೊರೆ ಬರ್ತಾರಲ್ಲ, ಕೊಳಕು ಕೊಟ್ಟರೆ ಮರ್ಯಾದೆಯಾ? ನೀವಿಬ್ಬರೂ ತೊಳೀತಿದ್ದದ್ದು ಹೌದಲ್ಲ. ಆದ್ರೆ ಎಲ್ಲದರಲ್ಲೂ ಕಪ್ಪು ಕಪ್ಪು ಗೀಚು ಇತ್ತು ಮಾರಾಯ್ತಿ, ತಿಕ್ಕಿ ತಿಕ್ಕಿ ಸಾಕಾಯ್ತು!"

ನೆರೆಮನೆಯ ಚಂಪಾ ನೀರು ಸೇದುತ್ತ, "ಒಂದು ತೊಟ್ಟು ಗಂಜಿ ಕುಡಿಯಲಿಲ್ಲ ನಿನ್ನ ಅಮ್ಮ. ಅವರ ಜೀವ ಇದರಲ್ಲೇ ಇತ್ತು ಅಂತ ಅಳ್ತಾ ಅಳ್ತಾ ತಿಕ್ಕಿದ್ದು" ಎಂದಳು.

*

ನೋಣಯ್ಯ ಹೆಂಚಿನ ಕಾರ್ಖಾನೆಗೆ ಮಣ್ಣು ಅಗೆಯುವವ. ಹೊಳೆ ಬದಿಯ ದಿಬ್ಬದಲ್ಲಿ ಹಳೆಯ ಮಡಕೆ ಕಂಡಾಗ ಮದ್ರಾಸಿನ ಪುರಾತತ್ವ ಇಲಾಖೆಯ ದೊರೆಯೊಬ್ಬ ಬಂದು ಹದಿನೈದು ದಿನ ಇದ್ದು ಅವನಿಗೆ ಕೆಲಸ ಕಲಿಸಿದ್ದ: ಗುದ್ದಲಿ ಬಿಟ್ಟು ಕರಣೆ ಹಿಡಿಯುವುದು, ಮಣ್ಣಿನ ಬಣ್ಣ ನೋಡಿ ಪದರ ಗುರುತಿಸುವುದು, ಚೂರನ್ನು ಮೆತ್ತಗೆ ತೊಳೆದು ನೆರಳಲ್ಲಿ ಒಣಗಿಸುವುದು. ನೋಣಯ್ಯನಿಗೆ ಅಕ್ಷರ ಬಾರದು. ಮೂರು ವರ್ಷ ಅವನು ಅಗೆದ. ಶಾಲೆ ಕಲಿತ ಹೇಮಾಕ್ಷಿ ಒಂದೊಂದು ಚೂರಿನ ಒಳಮೈಗೂ ಕಪ್ಪು ಶಾಯಿಯಲ್ಲಿ ಪದರದ ಅಂಕಿ ಬರೆದಳು. ಅಂಕಿ ಸರಿಯಿದ್ದರೆ ವರದಿಯಲ್ಲಿ ನೋಣಯ್ಯನ ಹೆಸರು ಬರುತ್ತದೆಂದು ದೊರೆ ಕಾಗದ ಹಾಕಿದ್ದ.

"ನಂಬರ್ ಹೋದ್ರೆ ಅದು ಬರೀ ಒಡೆದ ಓಡು, ಮಗಾ," ಎನ್ನುತ್ತಿದ್ದ ಅಪ್ಪ. "ಯಾವುದು ಮೇಲಿನದ್ದು, ಯಾವುದು ಅಡಿಯದ್ದು ಅಂತ ಆಮೇಲೆ ದೇವರಿಗೂ ಗೊತ್ತಾಗ್ಲಿಕ್ಕಿಲ್ಲ."

ಮತ್ತೆ ಅಗೆಯೋಣವೆಂದರೆ ದಿಬ್ಬವೆಲ್ಲಿದೆ? ಅದು ಪೂರ್ತಿ ಹೆಂಚಾಗಿ ಊರವರ ಮಾಡಿನ ಮೇಲೆ ಕೂತಿದೆ.

*

ಹೇಮಾಕ್ಷಿ ಚೂರುಗಳನ್ನು ಒಂದೊಂದಾಗಿ ಮಗುಚಿದಳು. ಎಲ್ಲವೂ ಕೆಂಪಗೆ, ನುಣ್ಣಗೆ, ಬೋಳು. ಅಪ್ಪ ಸತ್ತದ್ದು ನಿನ್ನೆಯಲ್ಲ, ಈಗ ಎನಿಸಿತು ಅವಳಿಗೆ.

"ಚೆಂದ ಆಗಿದೆಯಲ್ಲ?" ದೇಯಿ ತಲೆಯೆತ್ತಿದಳು. ಅವಳ ಬೆರಳ ತುದಿಗಳು ಸುಲಿದು ಬೂದಿಗೆ ರಕ್ತ ಸೇರಿತ್ತು. "ಅವರ ಕೆಲಸ ನನಗೆ ಎಂತದೂ ಗೊತ್ತಿಲ್ಲ. ಇದೊಂದಾದ್ರೂ ಸಮಾ ಮಾಡಿದೆನಾ?"

ಬುಟ್ಟಿಯ ತಳದಲ್ಲಿ ಒಂದೇ ಒಂದು ಚೂರು ಉಳಿದಿತ್ತು. ಅದರಲ್ಲಿ ಹೇಮಾಕ್ಷಿಯ ಕೈಬರಹದ ಅಂಕಿ, ಏಳನೆಯ ಪದರದ್ದು.

"ಸಮಾ ಆಗಿದೆ ಅಮ್ಮ," ಎಂದಳು. ಅಮ್ಮನ ಪಕ್ಕ ಕೂತು, ನಾರಿಗೆ ಬೂದಿ ಹಚ್ಚಿ, ಅಂಕಿ ಅಳಿಯುವ ತನಕ ಅದನ್ನು ಉಜ್ಜಿದಳು.