ಅಣ್ಣನ ಅಂಗಡಿ

ನನ್ನ ಗಂಡ ಜಿನೇಶ್ ತೀರಿಕೊಂಡ ಮೇಲೆ ನಾನು ಯಾರನ್ನೂ ನಂಬುವುದು ಬಿಟ್ಟಿದ್ದೇನೆ. ನಂಬಿ ಕೆಟ್ಟದ್ದು ಸಾಕು. ಕೋಣಂದೂರಿನ ನಮ್ಮ ಪಾತ್ರೆ ಅಂಗಡಿ ಅಣ್ಣತಮ್ಮಂದಿರ ಪಾಲುದಾರಿಕೆಯದು. ಬೋರ್ಡಿನ ಮೇಲೆ ‘ಬ್ರದರ್ಸ್’ ಎಂದು ಕುರುಡನಿಗೂ ಕಾಣುವಷ್ಟು ದಪ್ಪಗೆ ಬರೆಸಿದೆ. ಕಟ್ಟಡ ಕೊಂಡದ್ದೂ ಅಂಗಡಿಯ ದುಡಿಮೆಯಲ್ಲೇ. ಆದರೆ ಹಿರಿಯರಲ್ಲವೇ ಎಂದು ಪತ್ರ ಮಾಡಿಸಿದ್ದು ಭಾವ ಪದ್ಮಪ್ರಸಾದರ ಹೆಸರಿಗೆ. ಈಗ ಅವರು, ವ್ಯಾಪಾರ ಇಬ್ಬರದು, ಕಟ್ಟಡ ಮಾತ್ರ ನನ್ನೊಬ್ಬನದು ಎನ್ನುತ್ತಿದ್ದಾರೆ. ಕೋರ್ಟು ಹೌದೆಂದರೆ ಮಹಡಿಯ ಮೇಲಿರುವ ನಾನೂ ಮಗಳು ಸಂಯುಕ್ತಾಳೂ ಗಂಟುಮೂಟೆ ಕಟ್ಟಬೇಕು.

ಕಳೆದ ವಾಯಿದೆಗೆ ಪಕ್ಕದ ಹೋಟೆಲಿನ ಮಾಸ್ತಪ್ಪ ಭಾವನ ಪರ ಸಾಕ್ಷಿ ಹೇಳಿದ. “ಜಿನೇಶಣ್ಣ ಒಂದಿನಾನೂ ನಮ್ಮಂಗಡಿ ಅಂದಿಲ್ಲ ಸ್ವಾಮಿ. ಯಾವಾಗ್ಲೂ ಅಣ್ಣನ ಅಂಗಡಿ ಅಂತಿದ್ರು.”

ಅಯ್ಯೋ ಪುಣ್ಯಾತ್ಮಾ! ಇವನ ಮಗಳ ಮದುವೆಗೆ ಹಂಡೆ, ಕೊಪ್ಪರಿಗೆ ಎಲ್ಲ ಹೋದದ್ದು ನಮ್ಮಲ್ಲಿಂದಲೇ. ಉಂಡ ಮನೆಯ ಜಂತೆ ಎಣಿಸುವುದು ಎಂದರೆ ಇದೇ. ನನಗೆ ಹೊಟ್ಟೆ ಉರಿದದ್ದು ಅವನು ಸುಳ್ಳು ಹೇಳಿದನೆಂದಲ್ಲ, ನಿಜ ಹೇಳಿದನೆಂದು. ನಮ್ಮನೆಯವರಿಗೆ ಅಣ್ಣನೆಂದರೆ ಅಷ್ಟು ಗೌರವ. ಆ ಗೌರವವೇ ಈಗ ನಮ್ಮ ಕುತ್ತಿಗೆಗೆ ಬಂತು.

ಮುಂದಿನ ಸರದಿ ನನ್ನದು. ಅದರ ಹಿಂದಿನ ಭಾನುವಾರವೇ ಸಂಯುಕ್ತಾ ತೀರ್ಥಹಳ್ಳಿಯ ದೊಡ್ಡಪ್ಪನ ಮನೆಗೆ ಹೋಗಿ ಡಬ್ಬಿ ತುಂಬ ಕಡುಬು ತಂದಳು.

“ಎಂತ ಕೇಳಿದ್ರು ನಿನ್ನ?” ಎಂದೆ.

“ಎಂತ ಇಲ್ಲಮ್ಮ. ಅಪ್ಪನ್ನ ನೆನೆಸ್ಕೊಂಡು ಅತ್ರು.”

“ಅಳೋ ಗಂಡಸನ್ನ, ನಗೋ ಹೆಂಗಸನ್ನ ನಂಬಬಾರ್ದು.”

“ಹಂಗಾದ್ರೆ ನೀನು ನಗಲೇಬೇಡ ಮಾರಾಯ್ತಿ,” ಎಂದಳು. ಕಡುಬನ್ನು ನಾನು ಮುಟ್ಟಲಿಲ್ಲ.

ನನ್ನ ವಕೀಲೆ ಚೈತನ್ಯಾ ಮೇಲೂ ನನಗೆ ಅನುಮಾನವೇ. ಭಾವನ ವಕೀಲರಾದ ಮಂಜುನಾಥಪ್ಪನವರ ಜೊತೆ ವಾಯಿದೆಯ ದಿನ ಕೋರ್ಟಿನ ಕ್ಯಾಂಟೀನಿನಲ್ಲಿ ನಗುನಗುತ್ತಾ ಕಾಫಿ ಕುಡಿಯುತ್ತಿದ್ದಳು. ಆಮೇಲೆ ನನ್ನ ಹತ್ತಿರ ಬಂದು, “ಕೇಳಿದಷ್ಟಕ್ಕೇ ಉತ್ತರ ಕೊಡಿ ಆಂಟಿ. ಸಿಟ್ಟು ಮಾತ್ರ ಬೇಡ,” ಎಂದಳು. ಬಾಯಿ ಮುಚ್ಚಿಸುವುದಕ್ಕೆ ಎಷ್ಟು ಸಿಕ್ಕಿತೋ ಇವಳಿಗೆ ಎಂದುಕೊಂಡೆ.

ಕಟಕಟೆಯಲ್ಲಿ ನಿಂತಾಗ ಮಂಜುನಾಥಪ್ಪನವರು ಸೀದಾ ಆ ಮಾತಿಗೇ ಬಂದರು. “ನಿಮ್ಮ ಯಜಮಾನ್ರು ಇದನ್ನ ಅಣ್ಣನ ಅಂಗಡಿ ಅಂತಿದ್ರು. ಹೌದೋ ಅಲ್ವೋ?”

“ಹೌದು.”

ಚೈತನ್ಯಾ ಕಣ್ಣು ಮುಚ್ಚಿಕೊಂಡಳು. ಅವರು ಗೆದ್ದವರ ಹಾಗೆ ಕೂರಲು ಹೊರಟರು. ನನಗೆ ಮೈಯೆಲ್ಲ ಉರಿದುಹೋಯಿತು.

“ನಿಲ್ಲಿ ಸ್ವಾಮಿ! ಭಾವನಿಗೆ ಮಕ್ಕಳಿಲ್ಲ. ಅದ್ಕೇ ನಮ್ಮನೆಯವ್ರು ನನ್ನ ಮಗಳನ್ನೂ ನಮ್ಮಣ್ಣನ ಮಗಳು ಅಂತಾನೇ ಹೇಳ್ತಿದ್ರು. ಹಾಗಾದ್ರೆ ಅವಳನ್ನ ನಾನು ಯಾರಿಗೆ ಹೆತ್ತೆ? ಅದನ್ನೂ ನಿಮ್ಮ ಕಕ್ಷಿದಾರರನ್ನೇ ಕೇಳಿ!”

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಭಾವ ತಲೆ ತಗ್ಗಿಸಿದರು. ಕೊನೆಯ ಬೆಂಚಿನಲ್ಲಿದ್ದ ಸಂಯುಕ್ತಾ ಎದ್ದು ಹೊರಗೆ ಹೋದಳು. ಗೆದ್ದೆ ಎಂದೇ ನನಗೆ ಅನ್ನಿಸಿತು.

ಸಾಕ್ಷಿ ಮುಗಿಸಿ ಕೋರ್ಟಿನ ಜಗುಲಿಗೆ ಬಂದರೆ ಭಾವ ಸಂಯುಕ್ತಾಳ ಪಕ್ಕ ನಿಂತಿದ್ದರು. ಅವರ ಕಣ್ಣು ತುಂಬಿತ್ತು. “ಧರ್ಮಾ,” ಎಂದು ನನ್ನ ಹೆಸರು ಹಿಡಿದು ಕರೆದರು. “ಆ ಹುಡುಗೀನ ಎಂತಕ್ಕೆ ಎಳೆದೆ? ಕಟ್ಟಡ ಅವಳ ಹೆಸ್ರಿಗೇ ಮಾಡ್ಬೇಕು ಅಂತಿದ್ದೆ ನಾನು.”

ನಿಜವೇ ಇರಬಹುದು. ಸೋಲುತ್ತೇನೆಂದು ಗೊತ್ತಾಗಿ ಹೂಡಿದ ಆಟವೂ ಇರಬಹುದು. ಮದುವೆಯಾದಾಗಿನಿಂದ ಅವರೆದುರು ದನಿ ಎತ್ತಿದವಳಲ್ಲ ನಾನು.

“ಹೇಳೋದಿದ್ರೆ ವಕೀಲ್ರ ಮುಂದೆ ಹೇಳಿ ಭಾವ,” ಎಂದೆ.

ಅವರು ಮೆಲ್ಲಗೆ ಮೆಟ್ಟಿಲಿಳಿದರು. ಸಂಯುಕ್ತಾಳೂ ಅವರ ಹಿಂದೆಯೇ ಹೊರಟಳು. ಕೈ ಹಿಡಿದು ನಿಲ್ಲಿಸಿದೆ. ಬಿಡಿಸಿಕೊಂಡಳು.

“ನಾನು ಅಣ್ಣನ ಮಗಳಲ್ವಾ ಅಮ್ಮ? ಹೋಗ್ತೀನಿ.”

ಕರುಳು ಕಿತ್ತು ಬಂದ ಹಾಗಾಯಿತು. ಆದರೂ, ದೇವರಾಣೆ, ಆಗ ನನ್ನ ತಲೆಗೆ ಹೊಳೆದದ್ದು ಒಂದೇ: ಈ ಮಾತನ್ನು ಇವಳಿಗೆ ಯಾರು ಹೇಳಿಕೊಟ್ಟರು?