ನೀರು ಹಿಡಿದವರು ಯಾರು?

ನಮ್ಮ ಓಣಿಯ ನಲ್ಲಿಗೆ ನೀರು ಬರುವುದು ಬೆಳಿಗ್ಗೆ ಏಳಕ್ಕೆ. ನಮ್ಮಕ್ಕ ಮೇಲ್ವಿಚಾರಕಿಯಾಗಿರುವ ಹೊಲಿಗೆ ಕಾರ್ಖಾನೆಯ ಗಂಟೆ ಹೊಡೆಯುವುದು ಎಂಟಕ್ಕೆ. ಅಷ್ಟರಲ್ಲಿ ಕೊಡ ತುಂಬಿಸಿ, ಮಕ್ಕಳನ್ನು ಎಬ್ಬಿಸಿ, ಹಾಸಿಗೆ ಹಿಡಿದ ಅತ್ತೆಗೆ ಉಣಿಸಿ ಓಡಿ ಬರುವವರ ಪಾಡು ಆ ಗಂಟೆಗೇನು ಗೊತ್ತು?

ಗುಂಡಿಯಮ್ಮನ ಪಾಡು ಇದೇ ಆಗಿತ್ತು. ಕಾರ್ಖಾನೆಯಲ್ಲಿ ಗುಂಡಿ ಹೊಲಿಯುತ್ತಿದ್ದುದರಿಂದ ಅವರಿಗೆ ಆ ಹೆಸರು. ಬಟ್ಟೆ ಕತ್ತರಿಸುವ ತರಬೇತಿಗೆ ಒಬ್ಬರನ್ನು ಆರಿಸಬೇಕಿತ್ತು. ಅದು ಸಿಕ್ಕರೆ ಸಂಬಳವೂ ಹೆಚ್ಚು, ಸೂಜಿಗೆ ಕಣ್ಣು ಕೊಟ್ಟು ಕೂರುವುದೂ ತಪ್ಪುತ್ತದೆ. ಕೇಳಿದವರು ಇಬ್ಬರು, ಗುಂಡಿಯಮ್ಮ ಮತ್ತು ಹೊಸದಾಗಿ ಸೇರಿದ ಒಬ್ಬ ಹುಡುಗಿ. ಒಬ್ಬೊಬ್ಬರ ಬಗ್ಗೆಯೂ ಅಕ್ಕ ಒಂದೊಂದು ಚೀಟಿ ಬರೆದು ಕೊಡಬೇಕು. ಮ್ಯಾನೇಜರ್ ಚೀಟಿ ನೋಡಿಯೇ ತೀರ್ಮಾನ ಮಾಡುತ್ತಾರೆ.

ಭಾನುವಾರ ಅಕ್ಕ ಬರೆದದ್ದನ್ನು ಪಕ್ಕದ ಮನೆಯ ನರ್ಸಮ್ಮನಿಗೆ ಓದಿ ಹೇಳಿದಳು. ಹುಡುಗಿಯ ಬಗ್ಗೆ, "ಒಳ್ಳೆಯ ಮನೆತನ, ಶಿಸ್ತಿದೆ." ಗುಂಡಿಯಮ್ಮನ ಬಗ್ಗೆ, "ಬಡವರು. ಶಿಸ್ತಿಲ್ಲ, ತಡವಾಗಿ ಬರುತ್ತಾರೆ."

ನರ್ಸಮ್ಮ ಚಹಾ ಲೋಟ ಕೆಳಗಿಟ್ಟರು. "ಒಳ್ಳೆ ಮನೆತನ ಅಂದ್ರೆ ಏನಮ್ಮಾ?"

"ಅಂದ್ರೆ, ಮನೇಲಿ ಹೊಲಿಗೆ ಮಿಷನ್ ಇದೆ. ಅಪ್ಪ ದಿನಾ ಗಾಡೀಲಿ ತಂದು ಬಿಡ್ತಾರೆ."

"ಹಾಗಿದ್ರೆ ಹಾಗೇ ಬರಿ. ಅದು ಅನುಕೂಲ. ಅನುಕೂಲಾನ ಗುಣ ಅಂತ ಬರೆದ್ರೆ, ಅದಿಲ್ಲದವರಿಗೆ ಗುಣಾನೂ ಇಲ್ಲ ಅಂದಂಗಾಯ್ತು."

ಅಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ. "ನಾನೂ ಬಡತನದಲ್ಲೇ ಬೆಳೆದವಳು. ಒಂದು ದಿನಾನೂ ತಡ ಮಾಡ್ಲಿಲ್ಲ. ನಂಗ್ಯಾರು ಏನು ಕೊಟ್ರು?"

"ನೀನು ಕೆಲಸಕ್ಕೆ ಸೇರಿದಾಗ ಬೆಳಿಗ್ಗೆ ನೀರು ಹಿಡೀತಿದ್ದೋರು ಯಾರು?"

ಮೂಲೆಯಲ್ಲಿ ಬಟ್ಟೆ ಮಡಚುತ್ತಿದ್ದ ನಾನೇ ಹೇಳಿದೆ. "ನಾನು. ಶಾಲೇಲಿ ಮೊದಲನೇ ಪಿರಿಯಡ್ ಗಣಿತ, ನೀರು ಹಿಡಿದು ಹೋಗೋಷ್ಟರಲ್ಲಿ ದಿನಾ ಮುಗಿದಿರ್ತಿತ್ತು. ಅದಕ್ಕೇ ನನ್ನ ಲೆಕ್ಕ ಇಷ್ಟು ಚೆನ್ನಾಗಿರೋದು."

ನಗಿಸೋಣವೆಂದು ಹೇಳಿದ್ದು, ಯಾರೂ ನಗಲಿಲ್ಲ.

"ಹಾಗಾದ್ರೆ ನಾನು ಪಟ್ಟ ಕಷ್ಟ ಸುಳ್ಳಾ?" ಅಕ್ಕನ ದನಿ ಸಣ್ಣಗಾಗಿತ್ತು.

"ಯಾರಂದ್ರು? ಕಷ್ಟಪಟ್ಟಿದ್ದೂ ನಿಜ, ಅನುಕೂಲ ಇದ್ದದ್ದೂ ನಿಜ. ಎರಡನ್ನೂ ಹೇಳು. ಮೊದಲು ನಾನೂ ಮಕ್ಕಳಿಗೆ ಲಸಿಕೆ ಹಾಕಿಸೋಕೆ ಬಾರದ ತಾಯಂದಿರ ಕಾರ್ಡಲ್ಲಿ 'ನಿರ್ಲಕ್ಷ್ಯ' ಅಂತ ಗೀಚ್ತಿದ್ದೆ. ಒಂದಿನ ಅಂಥವಳೊಬ್ಬಳ ಮನೆಗೆ ನಡ್ಕೊಂಡು ಹೋದೆ, ಎರಡು ತಾಸು ಹಿಡೀತು. ಬಂದವಳೇ ಅದನ್ನ ಹೊಡೆದುಹಾಕಿ 'ಮನೆ ದೂರ, ಬಸ್ಸಿಲ್ಲ' ಅಂತ ಬರೆದೆ. ಮುಂದಿನ ತಿಂಗಳು ಲಸಿಕೆ ಗಾಡಿ ಅವರ ಓಣಿಗೇ ಹೋಯ್ತು. ನಿರ್ಲಕ್ಷ್ಯ ಅಂತಲೇ ಬಿಟ್ಟಿದ್ರೆ ಬೈಗುಳ ಹೋಗ್ತಿತ್ತು ಅಷ್ಟೇ."

ತನ್ನ ತಪ್ಪನ್ನು ಇಷ್ಟು ಸಲೀಸಾಗಿ ಹೇಳಿಕೊಳ್ಳುವ ನರ್ಸಮ್ಮನನ್ನು ಕಂಡರೆ ನನಗೆ ಕೈಮುಗಿಯಬೇಕು ಅನಿಸುತ್ತದೆ. ಅಕ್ಕನೂ ಕಡಿಮೆಯವಳಲ್ಲ. ಅವಳ ಹಠ ಕೆಟ್ಟದ್ದು, ಆದರೆ ತಪ್ಪು ತಿದ್ದಿಕೊಳ್ಳುವುದರಲ್ಲೂ ಅಷ್ಟೇ ಹಠ. ಆಗಲೇ ಚಪ್ಪಲಿ ಮೆಟ್ಟಿಕೊಂಡು ಗುಂಡಿಯಮ್ಮನ ಮನೆಗೆ ಹೋದಳು, ಕೂತು ಮಾತಾಡಿಸಿ ಬಂದಳು, ಎರಡೂ ಚೀಟಿ ಹರಿದು ಹೊಸದಾಗಿ ಬರೆದಳು.

ಹುಡುಗಿಯ ಚೀಟಿಯಲ್ಲಿ, "ಮನೆಯಲ್ಲಿ ಮಿಷನ್ ಇದೆ, ಬಂದುಹೋಗಲು ಗಾಡಿಯ ಅನುಕೂಲವಿದೆ. ಬೇಗ ಕಲಿಯುತ್ತಾಳೆ." ಗುಂಡಿಯಮ್ಮನದರಲ್ಲಿ, "ಮನೆಗೆಲ್ಲ ಇವರೊಬ್ಬರೇ ನೀರು ತರಬೇಕು. ಅತ್ತೆ ಹಾಸಿಗೆ ಹಿಡಿದಿದ್ದಾರೆ, ನೋಡಿಕೊಳ್ಳಲು ಬೇರೆಯವರಿಲ್ಲ. ವಾರಕ್ಕೆ ಎರಡು ದಿನ ಹತ್ತು ನಿಮಿಷ ತಡವಾಗುತ್ತದೆ. ಮೂರು ವರ್ಷದಲ್ಲಿ ಇವರು ಹೊಲಿದ ಒಂದು ಗುಂಡಿಯೂ ಕಿತ್ತು ಬಂದಿಲ್ಲ."

ತರಬೇತಿ ಗುಂಡಿಯಮ್ಮನಿಗೆ ಸಿಕ್ಕಿತು. ಈಗ ಅವರು ಕತ್ತರಿ ಹಿಡಿದು ನಿಂತರೆ ನೋಡಲು ಎರಡು ಕಣ್ಣು ಸಾಲದು. ಆ ಹುಡುಗಿಯೇ ಅವರ ಪಕ್ಕ ನಿಂತು ಕೆಲಸ ಕಲಿಯುತ್ತಿದ್ದಾಳೆ.

ನಮ್ಮ ಮನೆಯಲ್ಲೂ ಒಂದು ಬದಲಾವಣೆ ಆಗಿದೆ. ಇಷ್ಟು ವರ್ಷ ನಾನೇ ಹೊರುತ್ತಿದ್ದ ಬೆಳಗಿನ ಕೊಡ ಈಗ ಅಕ್ಕನ ಸೊಂಟದ ಮೇಲೆ. ಮೊದಲ ವಾರ ಅವಳೂ ಎರಡು ದಿನ ಹತ್ತು ನಿಮಿಷ ತಡವಾಗಿ ಹೋದಳು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಯಾರನ್ನಾದರೂ ಸೋಮಾರಿ, ದಡ್ಡ, ಶಿಸ್ತಿಲ್ಲದವರು ಎನ್ನುವ ಮುನ್ನ ಅವರಿಗೆ ಏನಿತ್ತು, ಏನಿರಲಿಲ್ಲ ಎಂದು ಕೇಳಿ, ಅದನ್ನೇ ಹೇಳಿ. ನಿಮ್ಮ ಬಗ್ಗೆ ಹೇಳಿಕೊಳ್ಳುವಾಗಲೂ ಅಷ್ಟೇ. ನಾನು ಕಷ್ಟಪಟ್ಟು ಮೇಲೆ ಬಂದೆ ಎಂದು ಧಾರಾಳವಾಗಿ ಹೇಳಿ. ನಿಮ್ಮ ಪಾಲಿನ ನೀರು ಹಿಡಿದವರು ಯಾರು ಎಂಬುದನ್ನೂ ಜೊತೆಗೇ ಹೇಳಿ.